ಪ್ರೀತಿ ಬಂತೆಂದು ಅವಳು ಮೆತ್ತಗಾಗಬೇಕೇ? ಗೇಮಿನ ಕಥೆ ಬರೆಯುವವರಿಗೆ ಒಂದು ಕೈಪಿಡಿ

ಪೂರ್ತಿ ಒಳ್ಳೆಯವಳಲ್ಲ, ಪೂರ್ತಿ ಕೆಟ್ಟವಳೂ ಅಲ್ಲ ಎನ್ನುವಂಥ ನಾಯಕಿಯನ್ನು ಕಟ್ಟುವುದು ಅಂಥ ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಅವಳ ಕಥೆಗೆ ಪ್ರೇಮ ಬಂದು ಸೇರಿದಾಗ. ಮೂರನೇ ಅಧ್ಯಾಯದ ಹೊತ್ತಿಗೆ ಬರೆಯುವವರ ಕೈ ತಾನಾಗಿಯೇ ಸಡಿಲವಾಗುತ್ತದೆ. ಬೈಗುಳ ಕಡಿಮೆಯಾಗುತ್ತದೆ, ಮಾತುಮಾತಿಗೆ ಕಣ್ಣು ತುಂಬಿಕೊಳ್ಳುತ್ತದೆ, ಕೊನೆಗೆ ಒಂದು ದಿನ ಅವಳು ‘ನಿನ್ನಿಂದ ನಾನು ಬದಲಾದೆ’ ಅಂದುಬಿಡುತ್ತಾಳೆ. ಆಟಗಾರ ಅಷ್ಟು ಹೊತ್ತು ಯಾರ ಜೊತೆ ಕಳೆದಿದ್ದನೋ ಆ ಹೆಂಗಸು ಅಲ್ಲಿಗೆ ಮಾಯ.

ಇಲ್ಲಿ ಹೇಳುವ ವಿಧಾನದ ತಿರುಳು ಇಷ್ಟು: ಪ್ರೀತಿ ಅವಳ ಮಾತನ್ನು ಮೆತ್ತಗೆ ಮಾಡಲಿ, ಗುಟ್ಟುಗಳನ್ನು ಹೊರಗೆ ತರಲಿ. ಅವಳ ಕೆಲಸವನ್ನು ತಿದ್ದುವ ಅಧಿಕಾರವನ್ನು ಮಾತ್ರ ಅದಕ್ಕೆ ಕೊಡಬೇಡಿ. ತಿದ್ದಿಕೊಳ್ಳುವುದಾದರೆ ಅವಳದೇ ಕಾರಣಕ್ಕೆ ತಿದ್ದಿಕೊಳ್ಳಬೇಕು, ತಿದ್ದಿಕೊಳ್ಳದೆ ಉಳಿಯುವ ದಾರಿಯೂ ತೆರೆದಿರಬೇಕು. ಉದಾಹರಣೆಗೆ ಸಕಲೇಶಪುರದ ಕಥೆಯೊಂದನ್ನು ಹಿಡಿದಿದೆ. ಹಾಸನ, ಚಿಕ್ಕಮಗಳೂರು ಕಡೆಯವರು ತಮ್ಮೂರನ್ನೇ ಇಟ್ಟುಕೊಂಡು ಸಣ್ಣ ಗೇಮ್ ಮಾಡಲು ಹೊರಟಾಗ ಎಡವುವ ಜಾಗಗಳೂ ಅದರಲ್ಲೇ ಬರುತ್ತವೆ.

ದೊಡ್ಡ ಗೇಮ್‌ಗಳಲ್ಲಿ ಏನಾಗಿದೆ

2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನ ಮಾರಿಗನ್‌ಳಿಂದ ಇವತ್ತಿಗೂ ಕಲಿಯುವುದಿದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಸಹಾಯ ಮಾಡುತ್ತ ಹೋದರೆ ಅವಳಿಗೆ ಕೋಪ. ಪ್ರೇಮದ ದಾರಿ ಹಿಡಿದರೆ ಮಾತು ಮೆತ್ತಗಾಗುತ್ತದೆ, ತಾನು ಹೀಗಾಗುತ್ತಿರುವುದನ್ನು ಕಂಡು ಅವಳಿಗೇ ಗಾಬರಿ. ಆದರೆ ಕೊನೆಯ ಯುದ್ಧಕ್ಕೆ ಮುಂಚೆ ಅವಳು ಮುಂದಿಡುವ ಆಚರಣೆಗೆ ಒಪ್ಪದಿದ್ದರೆ ಪ್ರಿಯಕರನನ್ನೂ ಬಿಟ್ಟು ಹೊರಡುತ್ತಾಳೆ. ಒಪ್ಪಿದರೂ ಯುದ್ಧ ಮುಗಿದ ಮೇಲೆ ನಿಲ್ಲುವವಳಲ್ಲ. ಅಂದರೆ ಪ್ರೀತಿ ಅವಳ ದನಿಯನ್ನು ಮುಟ್ಟಿತು, ಅವಳ ಯೋಜನೆಯನ್ನು ಮುಟ್ಟಲಿಲ್ಲ.

ಮಾಸ್ ಎಫೆಕ್ಟ್ ಸರಣಿಯ ಜಾಕ್ ಇನ್ನೂ ಉಪಯೋಗದ ಉದಾಹರಣೆ. ಎರಡನೇ ಭಾಗದಲ್ಲಿ (2010) ಅವಳು ಮೊದಲಲ್ಲೇ ಮುಂದಿಡುವ ಹಗುರ ಸಂಬಂಧಕ್ಕೆ ಹೂಂ ಅಂದರೆ ನಿಜವಾದ ಪ್ರೇಮದ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ, ಕಾದವರಿಗೆ ಮಾತ್ರ ತೆರೆಯುತ್ತದೆ. ಅವಳು ನಿಜವಾಗಿ ಬದಲಾಗಿ ಕಾಣುವುದು ಮೂರನೇ ಭಾಗದಲ್ಲಿ (2012). ಅಲ್ಲಿ ಅವಳು ಮೇಷ್ಟ್ರು, ತನ್ನ ವಿದ್ಯಾರ್ಥಿಗಳ ಮುಂದೆ ಬೈಗುಳ ನುಂಗಿಕೊಳ್ಳಲು ಒದ್ದಾಡುತ್ತಾಳೆ. ಹಿಂದಿನ ಭಾಗದಲ್ಲಿ ಆಟಗಾರ ಅವಳನ್ನು ಪ್ರೀತಿಸಿರಲಿ ಬಿಡಲಿ, ಬದುಕುಳಿದಿದ್ದರೆ ಸಾಕು, ಈ ಬದಲಾವಣೆ ಆಗಿರುತ್ತದೆ. ಅವಳನ್ನು ಬದಲಾಯಿಸಿದ್ದು ಮಕ್ಕಳ ಜವಾಬ್ದಾರಿ.

2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಶ್ಯಾಡೋಹಾರ್ಟ್ ತನ್ನ ದೇವತೆಯ ಆಜ್ಞೆಯಂತೆ ಒಂದು ಕೊಲೆ ಮಾಡಬೇಕಾದ ಘಳಿಗೆ ಬರುತ್ತದೆ. ಅದುವರೆಗೆ ಅವಳ ವಿಶ್ವಾಸ ಉಳಿಸಿಕೊಂಡವನು ಆಗ ಉಪದೇಶ ಮಾಡದೆ, ನಿರ್ಧಾರವನ್ನು ಅವಳಿಗೇ ಬಿಟ್ಟರೂ ಅವಳು ಕೊಲ್ಲದೆ ಈಟಿಯನ್ನು ಎಸೆದುಬಿಡುತ್ತಾಳೆ. ಅದಕ್ಕೂ ಪ್ರೇಮ ಬೇಕೇಬೇಕೆಂದಿಲ್ಲ. ಅದೇ ಗೇಮಿನ ಮಿಂಥಾರಾ ಪ್ರೇಮಿಸಿದ ಮೇಲೂ ಕಟುಕಿಯೇ, ಅವಳನ್ನು ಮೆಚ್ಚುವವರು ಮೆಚ್ಚುವುದೂ ಅದಕ್ಕೇ. 2020ರ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗದ ಎಲೀಯಂತೂ ಸಂಗಾತಿ, ಮಗು, ತೋಟದ ಮನೆ ಎಲ್ಲವನ್ನೂ ಬಿಟ್ಟು ಸೇಡಿನ ಹಿಂದೆ ಹೋಗುತ್ತಾಳೆ. ಪ್ರೀತಿ ಅವಳನ್ನು ತಡೆಯಲಿಲ್ಲ, ಅದನ್ನು ಕಳೆದುಕೊಂಡದ್ದು ಸೇಡಿಗೆ ಅವಳು ತೆತ್ತ ಬೆಲೆಯಾಯಿತು.

ಮೊದಲು ಅವಳ ತಪ್ಪನ್ನು ಅಳತೆಯಲ್ಲಿ ಬರೆಯಿರಿ

‘ಅವಳಿಗೊಂದು ಕರಾಳ ಗತಕಾಲವಿದೆ’ ಎಂದು ಬರೆದಿಟ್ಟರೆ ಏನೂ ಬರೆದಂತಾಗಲಿಲ್ಲ. ತಪ್ಪಿಗೆ ತೂಕ, ಲೆಕ್ಕ, ನಷ್ಟಪಟ್ಟವರ ಮುಖ ಇರಬೇಕು. ಇಲ್ಲದಿದ್ದರೆ ಆಟಗಾರ ಅದನ್ನು ಒಂದೇ ಮುತ್ತಿಗೆ ಕ್ಷಮಿಸಿಬಿಡುತ್ತಾನೆ.

ನಮ್ಮ ಉದಾಹರಣೆಯ ಮಂಜುಳಾಗೆ 34 ವರ್ಷ. ಸಕಲೇಶಪುರದ ಹೊರಗೆ ಕಾಫಿ ಖರೀದಿಯ ಗೋದಾಮು ಇಟ್ಟಿದ್ದಾಳೆ. ಗೊರೂರಿನ ಹೇಮಾವತಿ ಜಲಾಶಯಕ್ಕೆ ಅಜ್ಜನ ಜಮೀನು ಹೋಗಿತ್ತು. ಕಾಗದದ ಮೇಲೆ ಸಿಕ್ಕಿದ್ದು ಕೈಗೆ ಸಿಗಲಿಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು. ಹಾಗಾಗಿ ಯಾರ ಕಾಗದವನ್ನೂ ನಂಬುವುದಿಲ್ಲ, ಎಲ್ಲರ ಸಾಲವೂ ಅವಳ ಕೈಬರಹದ ಪುಸ್ತಕದಲ್ಲೇ. ಮಳೆಗಾಲದಲ್ಲಿ ಬೇರೆ ಯಾರೂ ಬಿಡಿಗಾಸು ಕೊಡದ ಹೊತ್ತಿನಲ್ಲಿ, ಎರಡೆಕರೆ ತೋಟದವರಿಗೆ ಅಡವಿಲ್ಲದೆ ಮುಂಗಡ ಕೊಡುವವಳು ಅವಳೊಬ್ಬಳೇ. ಕುಯ್ಲು ಮುಗಿದು ಕಾಫಿ ಬಂದಾಗ ಒಟಿಯಲ್ಲಿ, ಅಂದರೆ ಔಟ್‌ಟರ್ನ್ ಲೆಕ್ಕದಲ್ಲಿ, ಕದಿಯುವವಳೂ ಅವಳೇ.

ಕಳ್ಳತನದ ವಿವರ ನಿಖರವಾಗಿರಲಿ, ಈ ಸೀಮೆಯ ಓದುಗ ಇದರಲ್ಲಿ ತಪ್ಪಿದರೆ ಬಿಡುವುದಿಲ್ಲ. ಔಟ್‌ಟರ್ನ್ ಅಂದರೆ 50 ಕೆಜಿ ಚೀಲದ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣು) ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ಸುಲಿದ ಬೀಜ) ಬರುತ್ತದೆ ಎಂಬ ಲೆಕ್ಕ, ದರ ನಿಲ್ಲುವುದು ಅದರ ಮೇಲೆ. 100 ಗ್ರಾಂ ಒಣ ಚೆರಿಯ ಸ್ಯಾಂಪಲ್ ಸುಲಿಸಿ ತೂಗಿದಾಗ ಬೀಜ 54 ಗ್ರಾಂ ಬಂದರೆ ಒಟಿ 27, 52 ಬಂದರೆ 26. ನಡುವಿನ ವ್ಯತ್ಯಾಸ ಎರಡೇ ಗ್ರಾಂ, ಅಂದರೆ ಹತ್ತು ಹದಿನೈದು ಬೀಜ. ತಟ್ಟೆ ಎತ್ತುವಾಗ ಹೆಬ್ಬೆರಳಿನ ಕೆಳಗೆ ಅಡಗುವಷ್ಟು. ಒಂದು ಪಾಯಿಂಟ್ ಕಡಿಮೆಯಾದರೆ ಚೀಲಕ್ಕೆ ಒಂದು ಕೆಜಿ, 200 ಚೀಲದ ಲೋಡಿಗೆ 200 ಕೆಜಿ ಕ್ಲೀನ್ ಕಾಫಿ ಅವಳ ಪಾಲಿಗೆ.

ಈಗ ಮುಖ್ಯ ವಿಷಯ: ಅವಳು ಇದನ್ನು ದೊಡ್ಡ ಎಸ್ಟೇಟ್‌ಗಳಿಗೆ ಮಾತ್ರ ಮಾಡುತ್ತಾಳೆ ಎಂದು ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚುವ ಕಳ್ಳಿ ಮಾಡಿದಿರಿ ಅಂದರೆ ಅಸ್ಪಷ್ಟತೆ ಸತ್ತಿತು, ಮುಂದೆ ಅವಳು ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ. ಅವಳು ತನ್ನ ಸಾಲಗಾರರ ಚೀಲದಿಂದಲೂ ಕದಿಯಲಿ. ಮುಂಗಡ ಕೊಡುವುದು, ಕದಿಯುವುದು ಎರಡೂ ಒಂದೇ ಬೇರಿನವು ಎಂದು ಕಾಣಬೇಕು: ಎಲ್ಲರೂ ತನ್ನ ಹಂಗಿನಲ್ಲಿದ್ದರೆ ಮಾತ್ರ ತನ್ನನ್ನು ಯಾರೂ ಒಕ್ಕಲೆಬ್ಬಿಸಲಾರರು ಎಂಬ ಭಯ. ಒಳ್ಳೆಯತನವನ್ನೂ ಕೇಡನ್ನೂ ಬೇರೆ ಬೇರೆ ಕಾರಣಕ್ಕೆ ಕಟ್ಟಿದರೆ, ಬರೆಯುವಾಗ ಕೇಡನ್ನು ಮಾತ್ರ ಕತ್ತರಿಸಿ ಎಸೆಯುವುದು ತೀರಾ ಸುಲಭವಾಗಿಬಿಡುತ್ತದೆ.

ಇದರ ಜೊತೆ, ಅವಳು ಎಂದೂ ಮಾಡದ ಒಂದು ಕೆಲಸವನ್ನೂ ಬರೆದಿಡಿ. ಮಂಜುಳಾ ಸುಳ್ಳು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದಿಲ್ಲ, ಕಾರಣ ಅಜ್ಜ. ಕೊನೆಗೆ ಬೇಕಾಗುವ ಎಳೆ ಇದೇ.

ಮೂರು ಲೆಕ್ಕ, ಮೂರೂ ಬೇರೆ

ಬಹಳ ಗೇಮ್‌ಗಳು ಕೆಡುವುದು ಇಲ್ಲಿ. ಒಂದೇ ‘ಮೆಚ್ಚುಗೆ’ ಅಂಕ ಇಟ್ಟು, ಅದು 80 ದಾಟಿದರೆ ಅವಳು ಒಳ್ಳೆಯವಳಾಗುತ್ತಾಳೆ ಎಂದು ಕೋಡ್ ಬರೆದುಬಿಡುತ್ತಾರೆ. ಆಗ ಆಟಗಾರನಿಗೆ ಅವಳು ಮನುಷ್ಯಳಾಗಿ ಕಾಣುವುದಿಲ್ಲ, ಸರಿಯಾದ ಉತ್ತರ, ಉಡುಗೊರೆ ಹಾಕುತ್ತ ಹೋದರೆ ತೆರೆಯುವ ಬೀಗವಾಗಿ ಕಾಣುತ್ತಾಳೆ.

ಮೂರು ವೇರಿಯಬಲ್ ಇಡಿ. ‘ನಂಟು’ 0ಯಿಂದ 10, ಇದು ಏರಿದಂತೆ ಮಾತಿನ ಧಾಟಿ, ಸಲಿಗೆ ಬದಲಾಗುತ್ತದೆ. ‘ನಂಬಿಕೆ’ 0ಯಿಂದ 5, ಇದು ಗುಟ್ಟಿನ ದೃಶ್ಯಗಳನ್ನು ತೆರೆಯುತ್ತದೆ. ‘ನಿಲುವು’ 0ಯಿಂದ 3, ಅವಳು ನಿಜವಾಗಿ ಏನು ಮಾಡುತ್ತಾಳೆ ಎಂಬುದು ಇದೊಂದರ ಮೇಲೇ ನಿಂತಿರುತ್ತದೆ. ಕಟ್ಟುನಿಟ್ಟಿನ ನಿಯಮ ಒಂದೇ: ನಂಟು ಹೆಚ್ಚಿತೆಂದು ನಿಲುವು ಹೆಚ್ಚಬಾರದು. ಕೋಡಿನ ಯಾವ ಸಾಲಿನಲ್ಲೂ ಇವೆರಡು ಒಟ್ಟಿಗೆ ಏರುವಂತಿಲ್ಲ. ಬರೆದು ಮುಗಿದ ಮೇಲೆ ‘ನಿಲುವು’ ಎಂದು ಹುಡುಕಿ, ಅದು ಏರುವ ಜಾಗಗಳನ್ನು ಎಣಿಸಿ. ಮೂರಕ್ಕಿಂತ ಹೆಚ್ಚು ಸಿಕ್ಕರೆ ಎಲ್ಲೋ ನಿಮ್ಮ ಮನಸ್ಸು ಕರಗಿದೆ ಎಂದರ್ಥ.

ಆ ಮೂರು ಜಾಗ ಯಾವುವು? ಮಂಜುಳಾ ಕಥೆ ನಡೆಯುವುದು ಜನವರಿ, ಫೆಬ್ರವರಿಯಲ್ಲಿ, ರೊಬಸ್ಟಾ ಕುಯ್ಲಿನ ಕಾಲ. (ನವೆಂಬರಿನಲ್ಲಿ ಕಣದ ತುಂಬ ರೊಬಸ್ಟಾ ಒಣಗಿಸಿದರೆ ಚಿಕ್ಕಮಗಳೂರಿನವರು ಮೊದಲ ಹತ್ತು ನಿಮಿಷಕ್ಕೇ ಗೇಮ್ ಮುಚ್ಚಿಡುತ್ತಾರೆ, ಆಗ ನಡೆಯುವುದು ಅರೇಬಿಕಾ ಕುಯ್ಲು.) ಒಂದು, ಅಕಾಲ ಮಳೆ. ಕಣದಲ್ಲಿ ಹರಡಿದ ಚೆರಿ ನೆನೆದಿದೆ, ಬೂಸ್ಟು ಹಿಡಿಯುವ ಮುಂಚೆ ಸಿಕ್ಕ ಬೆಲೆಗೆ ಮಾರಲು ಜನ ಗೋದಾಮಿನ ಮುಂದೆ ನಿಂತಿದ್ದಾರೆ. ಎರಡು, ಒಬ್ಬ ಬೆಳೆಗಾರ ಅದೇ ಚೀಲದ ಸ್ಯಾಂಪಲನ್ನು ಬೇರೆ ಕಡೆ ತೂಗಿಸಿ, 27 ಬಂದ ಚೀಟಿ ಹಿಡಿದು ವಾಪಸ್ ಬರುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಭಾರದ್ದು, ಅದಕ್ಕೆ ಜಾಗ ಕೊಡಿ. ಸಾಲಗಾರನೊಬ್ಬ ತೀರಿಕೊಂಡಿದ್ದಾನೆ. ಹೆಂಡತಿ ಅವನ ನೋಟ್‌ಬುಕ್ ತಂದು ಮಂಜುಳಾಳ ಪುಸ್ತಕದ ಪಕ್ಕದಲ್ಲಿಟ್ಟು, ‘ಇದರಲ್ಲಿ ನಾವು ಇನ್ನೂ ಎಷ್ಟು ಕೊಡ್ಬೇಕು ನೋಡಿ ಹೇಳಮ್ಮ, ನೀನ್ ಹೇಳಿದ್ರೆ ಸೈ’ ಅನ್ನುತ್ತಾಳೆ. ವರ್ಷಕ್ಕೆ 40 ಚೀಲ, ಚೀಲಕ್ಕೆ ಒಂದು ಕೆಜಿ, ಎಂಟು ವರ್ಷ: ಕದ್ದದ್ದು 320 ಕೆಜಿ ಕ್ಲೀನ್ ಕಾಫಿ. ಚೆರಿ ಲೆಕ್ಕದಲ್ಲಿ ಹೆಚ್ಚುಕಡಿಮೆ 12 ಚೀಲ. ಆ ಮನೆಯ ಸಾಲ ಯಾವಾಗಲೋ ತೀರಿದೆ. ಇದು ಮಂಜುಳಾಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಬರೆದದ್ದನ್ನು ನಂಬಿ ಮೋಸಹೋದ ಅಜ್ಜನ ಜಾಗದಲ್ಲಿ ಈಗ ಈ ಹೆಂಗಸು ಕೂತಿದ್ದಾಳೆ, ಕಾಗದದ ಇನ್ನೊಂದು ಬದಿಯಲ್ಲಿ ತಾನು. ಈ ದೃಶ್ಯದಲ್ಲಿ ಪ್ರೇಮಿಯನ್ನು ಕೋಣೆಯಿಂದ ಹೊರಗಿಡಿ. ಅವನು ಪಕ್ಕದಲ್ಲಿದ್ದು ಕೈ ಹಿಡಿದರೆ ನಿರ್ಧಾರ ಅವನದಾಗಿಬಿಡುತ್ತದೆ.

ಪ್ರೀತಿ ನಿಜವಾಗಿ ಕೆಡಿಸುವ ಜಾಗ

ಆಟಗಾರನ ಪಾತ್ರ ಎಸ್ಟೇಟಿನ ಲೆಕ್ಕ ಬರೆಯುವ ಹೊಸ ರೈಟರು, ಮಂಜುಳಾ ಗೋದಾಮಿಗೆ ಲೋಡ್ ತರುವವರು. ನಂಟು 6 ದಾಟಿದ ಮೇಲೆ ಬರುವ ತೂಕದ ದೃಶ್ಯವನ್ನು ಹೀಗೆ ಬರೆದು ನೋಡಿ.

ಅವಳು ಸ್ಯಾಂಪಲ್ ಸುಲಿಸಿ ತಟ್ಟೆ ಇಡುತ್ತಾಳೆ. ಹೆಬ್ಬೆರಳು ತಟ್ಟೆಯ ಅಂಚಿಗೆ ಬರುತ್ತದೆ, ನಿಲ್ಲುತ್ತದೆ, ಹಿಂದೆ ಹೋಗುತ್ತದೆ. 54. ‘ನಿಮ್ದು ಇಪ್ಪತ್ತೇಳು, ಬರ್ಕೊಳ್ಳಿ’ ಅನ್ನುತ್ತಾಳೆ. ಆಟಗಾರನಿಗೆ ಗೆದ್ದ ಖುಷಿ. ರೈಟರು ಚೀಟಿ ಮಡಿಸಿಕೊಳ್ಳುವಷ್ಟರಲ್ಲಿ ಹಿಂದೆ ಪಿಕಪ್‌ನಲ್ಲಿ ಕಾಯುತ್ತಿದ್ದ ಮುದುಕನ ಸ್ಯಾಂಪಲ್ ಬರುತ್ತದೆ. ತಟ್ಟೆ ಎತ್ತುವಾಗ ಹೆಬ್ಬೆರಳು ನಿಲ್ಲುವುದಿಲ್ಲ. 52. ‘ಇಪ್ಪತ್ತಾರು ಕಣಜ್ಜ.’

ಪ್ರೀತಿಯಿಂದ ಅವಳು ಒಳ್ಳೆಯವಳಾಗಲಿಲ್ಲ, ಆಟಗಾರನ ಪಕ್ಷವಾದಳು ಅಷ್ಟೇ. ಮೆತ್ತಗಾಗುವುದು ಮತ್ತು ತಿದ್ದಿಕೊಳ್ಳುವುದು ಬೇರೆ ಬೇರೆ ಎಂದು ಹತ್ತು ಸಂಭಾಷಣೆಯಲ್ಲಿ ಹೇಳಲಾಗದ್ದನ್ನು ಈ ಒಂದು ದೃಶ್ಯ ತೋರಿಸುತ್ತದೆ. ಈಗ ಆಟಗಾರನ ಮುಂದೆ ಆಯ್ಕೆ ಇಡಿ: ಸುಮ್ಮನೆ ಹೊರಡುವುದು, ಅಲ್ಲೇ ಎಲ್ಲರೆದುರು ಕೇಳುವುದು, ಸಂಜೆ ಒಬ್ಬಳೇ ಇದ್ದಾಗ ಕೇಳುವುದು. ಸುಮ್ಮನಿದ್ದರೆ ನಂಟು ಏರಲಿ, ನಂಬಿಕೆ ಒಂದು ಇಳಿಯಲಿ. ತನ್ನ ಕಳ್ಳತನವನ್ನು ನೋಡಿಯೂ ಸುಮ್ಮನಿದ್ದವರನ್ನು ಅವಳು ಪ್ರೀತಿಸಬಹುದು, ಆದರೆ ನಂಬಲಾರಳು. ಎಲ್ಲರೆದುರು ಕೇಳಿದರೆ ನಂಟು ಮೂರು ಇಳಿಯಲಿ. ಸಂಜೆ ಕೇಳಿದರೆ ನಂಟು ಒಂದು ಇಳಿದು ನಂಬಿಕೆ ಎರಡು ಏರಲಿ. ಯಾವ ಆಯ್ಕೆಯೂ ನಿಲುವನ್ನು ಮುಟ್ಟುವುದಿಲ್ಲ.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಮುದುಕನನ್ನು ಕೈಬಿಡುವುದು. ದೃಶ್ಯ ಉದ್ದವಾಯಿತೆಂದು ಅವನನ್ನು ಕತ್ತರಿಸಿದರೆ ಉಳಿಯುವುದು ‘ಪ್ರೀತಿಗಾಗಿ ಕಳ್ಳತನ ಬಿಟ್ಟಳು’ ಎಂಬ ಹಳೇ ಸಿನಿಮಾ ಮಾತ್ರ.

ನಾಯಕಿಯೇ ಆಟಗಾರನ ಕೈಯಲ್ಲಿರುವ ಪಾತ್ರವಾದರೆ ವಿಧಾನ ಸ್ವಲ್ಪ ತಿರುಗುತ್ತದೆ. ಆಗ ಅವಳ ಮನಸ್ಸನ್ನು ಸಂಭಾಷಣೆಯಲ್ಲಿ ಮೆತ್ತಗೆ ಮಾಡುವ ಹಕ್ಕು ಬರೆಯುವವರಿಗೆ ಇಲ್ಲವೇ ಇಲ್ಲ, ಹೆಬ್ಬೆರಳು ಆಟಗಾರನದೇ. ಪ್ರೇಮ ಮಾಡಬೇಕಾದ್ದು ಆ ಹೆಬ್ಬೆರಳಿನ ಬೆಲೆ ಏರಿಸುವುದು: ಪ್ರೀತಿಸಿದವರು ತಕ್ಕಡಿಯ ಹತ್ತಿರ ನಿಂತಿದ್ದಾರೆ, ಕದಿಯುವ ಗುಂಡಿ ಪರದೆಯ ಮೇಲೆ ಹಾಗೇ ಇದೆ. ಗುಂಡಿಯನ್ನು ಮಸುಕು ಮಾಡಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ.

ಮೆತ್ತಗಾಗುವುದು ಮಾತಿನಲ್ಲಿ ಹೇಗೆ ಕಾಣಬೇಕು

ಬಹುವಚನ, ಏಕವಚನವೇ ಸಾಕು, ಕಣ್ಣೀರು ಬೇಕಿಲ್ಲ. ನಂಟು ಸೊನ್ನೆಯಲ್ಲಿ: ‘ರೈಟ್ರೇ, ಚೀಲ ಇಳ್ಸಿ ಆಚೆ ನಿಂತ್ಕೊಳ್ಳಿ. ಒಟಿ ನೋಡೋದು ನನ್ ಕೆಲ್ಸ.’ ನಾಲ್ಕರಲ್ಲಿ: ‘ಕಾಫಿ ಕುಡ್ಕೊಂಡ್ ಹೋಗಿ ರೈಟ್ರೇ, ಬಿಸಿ ಇದೆ.’ ಎಂಟರಲ್ಲಿ: ‘ಬಾ, ಕೂತ್ಕೋ. ಇವತ್ತು ಲೆಕ್ಕ ಬೇಡ.’ ಇಡೀ ಗೇಮಿನಲ್ಲಿ ಏಕವಚನಕ್ಕೆ ಇಳಿಯುವುದು ಒಂದೇ ಸಲ, ಅದೂ ಅರ್ಧದಾಚೆ. ಜಗಳವಾದಾಗ ಅವಳು ಮತ್ತೆ ‘ರೈಟ್ರೇ, ನೀವು’ ಎಂದು ಶುರುಮಾಡಿದರೆ ಬೈಗುಳಕ್ಕಿಂತ ಜೋರಾಗಿ ತಾಗುತ್ತದೆ. ‘ನೀನು ನನ್ನ ಬದುಕಿನ ಬೆಳಕು’ ಥರದ ಸಾಲು ಬಂದರೆ ಹೊಡೆದುಹಾಕಿ, ಗೋದಾಮು ನಡೆಸುವವಳ ಬಾಯಲ್ಲಿ ಅದು ಬರುವುದಿಲ್ಲ.

ಆಟಗಾರ ತನ್ನ ಹೆಸರನ್ನು ತಾನೇ ಟೈಪ್ ಮಾಡುವ ಸೌಲಭ್ಯ ಕೊಡಬೇಡಿ. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ: ರವಿಗೆ, ಸುರೇಶನಿಗೆ, ಗೀತಾಳಿಗೆ. ಕೋಡಿನಲ್ಲಿ ಹೆಸರಿಗೆ ‘ಗೆ’ ಜೋಡಿಸಿದರೆ ‘ಸುರೇಶಗೆ’ ಬರುತ್ತದೆ. ಎಲ್ಲರೂ ‘ರೈಟ್ರೇ’ ಅನ್ನುವಂತೆ ಮಾಡಿದ್ದು ಇದಕ್ಕೇ, ಹೆಣ್ಣಾಗಲಿ ಗಂಡಾಗಲಿ ಅದೇ ಕರೆ ನಡೆಯುತ್ತದೆ. ಮಧ್ಯಮ ಪುರುಷದಲ್ಲಿ ಕ್ರಿಯಾಪದಕ್ಕೆ ಲಿಂಗವಿಲ್ಲ, ‘ಬಂದೆ’ ‘ಹೋದೆ’ ಎರಡಕ್ಕೂ ಸಲ್ಲುತ್ತದೆ. ‘ಕಣೋ’, ‘ಕಣೇ’ ಬರುವ ಸಾಲುಗಳಿಗೆ ಮಾತ್ರ ಎರಡು ರೂಪ ಬೇಕು.

ಪ್ರೇಮದ ದೃಶ್ಯಗಳು ಏಳೆಂಟು ಸಾಕು, ಒಂದೊಂದು 250ರಿಂದ 400 ಪದ. ಒಟ್ಟು ಗೇಮ್ 12 ಸಾವಿರ ಪದದ ಆಸುಪಾಸಿನಲ್ಲಿದ್ದರೆ ಒಂದೆರಡು ಗಂಟೆ ಹಿಡಿಯುತ್ತದೆ. ಜಾಗದ ಬಗ್ಗೆ ಒಂದು ಮಾತು: ಪ್ರೇಮ ನಿವೇದನೆಗೆ ಎಲ್ಲರೂ ಓಡುವುದು ಮುಳ್ಳಯ್ಯನಗಿರಿಗೆ ಅಥವಾ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿಗೆ. ಎರಡೂ ಚಂದವೇ, ಎರಡೂ ಪ್ರವಾಸಿಗರದ್ದು. ಮಣ್ಣು ಕುಸಿದು ಶಿರಾಡಿ ಘಾಟಿ ಬಂದ್ ಆಗಿ, ಲೋಡಾದ ಲಾರಿಯ ಕ್ಯಾಬಿನ್‌ನಲ್ಲಿ ರಾತ್ರಿಯಿಡೀ ಕೂರಬೇಕಾದರೆ ಮಾತು ತಾನೇ ಬರುತ್ತದೆ. ಆದರೆ ಅದು ಮಳೆಗಾಲದ ಸಂಗತಿ, ಜನವರಿಯ ಕಥೆಗೆ ಹಿಂದಿನ ನೆನಪಾಗಿ ಮಾತ್ರ ಬಳಸಬಹುದು.

ಸಾಧನ

ಮೊದಲ ಗೇಮಿಗೆ, ಆಯ್ಕೆಗಳಿರುವ ಪಠ್ಯದ ಕಥೆ ಕಟ್ಟುವ ಟ್ವೈನ್ ಸಾಕು. ಉಚಿತ, ಬ್ರೌಸರಿನಲ್ಲೇ ಓಡುತ್ತದೆ, ಕನ್ನಡದ ಒತ್ತಕ್ಷರಗಳನ್ನು ಬ್ರೌಸರೇ ಸರಿಯಾಗಿ ಕೂರಿಸುತ್ತದೆ. ಚಿತ್ರ, ಸಂಗೀತ ಬೇಕಿದ್ದರೆ ರೆನ್‌ಪೈ, ಆದರೆ ಹೊಸ ಆವೃತ್ತಿಯೇ ಬೇಕು. ಗೊಡೋ ಎಂಬ ಗೇಮ್ ಎಂಜಿನ್ ಆದರೆ 4 ಅಥವಾ ಅದರ ನಂತರದ್ದು, 3ರಲ್ಲಿ ಒತ್ತು ಒಡೆಯುತ್ತದೆ. ಯೂನಿಟಿ ಎಂಜಿನ್‌ನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ ಕನ್ನಡವನ್ನು ತಾನಾಗಿ ಸರಿಯಾಗಿ ಜೋಡಿಸುವುದಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ‘ಸ್ತ್ರೀ’, ‘ರೈಟ್ರೇ’, ‘ಅರ್ಧ’, ‘ಸ್ವಾತಂತ್ರ್ಯ’ ನಾಲ್ಕನ್ನೂ ಮೊದಲ ದಿನವೇ ಪರದೆಯ ಮೇಲೆ ನೋಡಿಬಿಡಿ. ಅಕ್ಷರ ಒಂದೊಂದಾಗಿ ಮೂಡುವ ಪರಿಣಾಮ ಬೇಡ. ‘ಕ್ಷ’ ಮೂಡುವ ಮುಂಚೆ ‘ಕ್’ ಮಿನುಗಿ, ಗಂಭೀರ ದೃಶ್ಯ ನಗೆಪಾಟಲಾಗುತ್ತದೆ. ಪೂರ್ತಿ ಸಾಲನ್ನೇ ಒಟ್ಟಿಗೆ ತೋರಿಸಿ.

ಆಡಿಸಿ ನೋಡುವುದು

ಮುಕ್ತಾಯ ನಾಲ್ಕು: ನಂಟು ಇದೆ ಅಥವಾ ಇಲ್ಲ, ನಿಲುವು ಬದಲಾಗಿದೆ ಅಥವಾ ಇಲ್ಲ. ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ. ‘ಪ್ರೀತಿಯೂ ಸಿಕ್ಕಿತು, ತಿದ್ದಿಯೂ ಕೊಂಡಳು’ ಎಂಬುದಕ್ಕೆ 900 ಪದ, ‘ಪ್ರೀತಿ ಸಿಕ್ಕಿತು, ಕಳ್ಳತನ ಹಾಗೇ ಇದೆ’ ಎಂಬುದಕ್ಕೆ 150 ಪದ ಬರೆದರೆ ನಿಜವಾದ ಮುಕ್ತಾಯ ಯಾವುದೆಂದು ಆಟಗಾರನಿಗೆ ಹೇಳಿಕೊಟ್ಟಂತೆ. ಮಂಜುಳಾ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲುವುದು ಈ ಎರಡನೆಯದೇ: ಅವಳು ರೈಟರ ಕೈಗೆ ಬೀಗದ ಕೈ ಕೊಟ್ಟು ಕಣಕ್ಕೆ ಹೋಗುತ್ತಾಳೆ, ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ, ಮುಂದಿನ ಪಿಕಪ್ ಬಂದು ನಿಂತಿದೆ, ಈ ಸಲ ತೂಗಬೇಕಾದವರು ಆಟಗಾರ.

ಐದಾರು ಜನರಿಗೆ ಆಡಲು ಕೊಡಿ, ಅವರಲ್ಲಿ ಇಬ್ಬರಾದರೂ ಕಾಫಿ ಬೆಳೆಯುವ ಮನೆಯವರಿರಲಿ. ‘ಇಷ್ಟವಾಯ್ತಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಮುಂದಿನ ಕುಯ್ಲಿಗೆ ಅವಳು ಯಾರ ಚೀಲದಿಂದ ಕದೀತಾಳೆ’ ಎಂದು ಕೇಳಿ. ನಿಲುವು ಸೊನ್ನೆಯಲ್ಲೇ ಮುಗಿಸಿದವರೂ ‘ಈಗ ಕದಿಯಲ್ಲ ಬಿಡಿ, ಲವ್ ಆಯ್ತಲ್ಲ’ ಅಂದರೆ ನಿಮ್ಮ ಪ್ರೇಮದ ದೃಶ್ಯಗಳಲ್ಲಿ ಎಲ್ಲೋ ಕ್ಷಮೆ ಸೋರಿದೆ. ಸಾಮಾನ್ಯವಾಗಿ ಅದು ಸೋರುವುದು ಗುಟ್ಟು ಹೇಳುವ ದೃಶ್ಯದಲ್ಲಿ. ಅಜ್ಜನ ಕಥೆ ಹೇಳಿ ಮುಗಿಸಿದ ಕೂಡಲೇ ರೈಟರು ಸಮಾಧಾನ ಮಾಡುತ್ತಾರೆ, ಆಟಗಾರ ಅದನ್ನೇ ತೀರ್ಪು ಎಂದುಕೊಳ್ಳುತ್ತಾನೆ. ಸಮಾಧಾನದ ಸಾಲನ್ನು ತೆಗೆದು, ಅದೇ ದೃಶ್ಯದ ಕೊನೆಗೆ ಅವಳು ಮಾರನೆಯ ದಿನದ ಸ್ಯಾಂಪಲ್ ತಟ್ಟೆ ಒರೆಸಿಡುವುದನ್ನು ಹಾಕಿ ಮತ್ತೆ ಆಡಿಸಿ.

ಕೊನೆಯ ಸುತ್ತು ನೀವೇ ಆಡಬೇಕಾದ್ದು, ನಂಟನ್ನು ಸೊನ್ನೆಯಲ್ಲೇ ಇಟ್ಟು. ಕಾಫಿ ಕುಡಿಯಲು ಕರೆದರೆ ಬೇಡ ಅನ್ನಿ, ಲಾರಿಯ ನೆನಪು ತೆಗೆದರೆ ಮಾತು ಬದಲಿಸಿ, ಚೀಟಿ ಇಸ್ಕೊಂಡು ಹೊರಡಿ. ಆಗಲೂ ವಿಧವೆಯ ನೋಟ್‌ಬುಕ್ ದೃಶ್ಯ ಬರಬೇಕು, ನಿಲುವು 3ಕ್ಕೆ ಮುಟ್ಟುವ ದಾರಿ ಇರಬೇಕು. ಬರದಿದ್ದರೆ ಆ ದೃಶ್ಯದ ಷರತ್ತಿನಲ್ಲಿ ನಂಟು ಸೇರಿಕೊಂಡಿದೆ ಎಂದರ್ಥ, ಹುಡುಕಿ ತೆಗೆಯಿರಿ.